ಸತ್ಯಾಂಶ: ಕಂತು ತಪ್ಪಿದ ಮಾತ್ರಕ್ಕೆ ದಿವಾಳಿಯಲ್ಲ

"ಇಂಗ್ಲೆಂಡಿನಲ್ಲಿ ಐವಿಎ ಕಂತು ತಪ್ಪಿದರೆ ಮರುದಿನವೇ ದಿವಾಳಿ, ಸಾಲವೆಲ್ಲ ಮನ್ನಾ!" ಈ ಫಾರ್ವರ್ಡ್ ಸಂದೇಶದ ಎರಡೂ ಮಾತು ತಪ್ಪು.

ಐವಿಎ ಎಂದರೆ ಸಾಲ ಕೊಟ್ಟವರೊಡನೆ ಮಾಡಿಕೊಳ್ಳುವ, ಸಾಮಾನ್ಯವಾಗಿ ಐದಾರು ವರ್ಷಗಳ ಕಂತಿನ ಒಪ್ಪಂದ. ಕಂತು ನಿಂತರೆ ಈ ಒಪ್ಪಂದ ನೋಡಿಕೊಳ್ಳುವ ಮೇಲ್ವಿಚಾರಕರು ಮೊದಲು ನೋಟಿಸ್ ಕೊಡುತ್ತಾರೆ. ಸಾಲ ಕೊಟ್ಟವರು ಒಪ್ಪಿದರೆ ಕಂತು ಇಳಿಯಲೂಬಹುದು. ಒಪ್ಪಂದ ಮುರಿದುಬಿದ್ದರೆ ಬಾಕಿಗಾಗಿ ಅವರು ಮತ್ತೆ ಬೆನ್ನು ಹತ್ತುತ್ತಾರೆ. ಆದರೂ ದಿವಾಳಿಗೆ ಬೇರೆಯದೇ ಅರ್ಜಿ ಬೇಕು. ಸಾಲ ಪಡೆದವರು ತಾವೇ ಹಾಕುವುದಾದರೆ ಶುಲ್ಕ 680 ಪೌಂಡ್ (ಕೈ ಬರಿದಾದವನಿಗೆ ಇದೇನು ಸಣ್ಣ ಮೊತ್ತವಲ್ಲ). 5,000 ಪೌಂಡ್ ಅಥವಾ ಹೆಚ್ಚು ಬಾಕಿಯಿದ್ದರೆ ಸಾಲ ಕೊಟ್ಟವರೂ ನ್ಯಾಯಾಲಯಕ್ಕೆ ಹೋಗಬಹುದು.

ದಿವಾಳಿಯಿಂದ ಬಿಡುಗಡೆ ಸಾಮಾನ್ಯವಾಗಿ 12 ತಿಂಗಳಿಗೆ. ಮನೆಯ ಒಲೆ, ಹಾಸಿಗೆ ಉಳಿಯುತ್ತವೆ. ಮನೆಯೇ ಉಳಿಯುತ್ತದೆಂಬ ಖಾತರಿಯಿಲ್ಲ. ವಿದ್ಯಾರ್ಥಿ ಸಾಲ, ನ್ಯಾಯಾಲಯದ ದಂಡ, ಮಕ್ಕಳ ಜೀವನಾಂಶ ಮಾತ್ರ ಆಮೇಲೂ ತಲೆಯ ಮೇಲೇ ಇರುತ್ತವೆ.