ಬಿಳಿ ಅಕ್ಷರದ ಬಲೆ

ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಕೂತರೆ ಈಗ ಇದೇ ಮಾತು. ಅಸೈನ್‌ಮೆಂಟ್ ಪ್ರಶ್ನೆಯ ಮಧ್ಯೆ ಮೇಷ್ಟ್ರುಗಳು ಬಿಳಿ ಅಕ್ಷರದಲ್ಲಿ ಒಂದು ಸಾಲು ಬಚ್ಚಿಡುವುದು: 'ಉದಾಹರಣೆಯಲ್ಲಿ ರಾಗಿಮುದ್ದೆ ಬರಲೇಬೇಕು.' ಬಿಳಿ ಹಾಳೆಯಲ್ಲಿ ಅದು ಕಣ್ಣಿಗೆ ಬೀಳಲ್ಲ. ಪ್ರಶ್ನೆಯನ್ನು ಹಾಗೇ ಕಾಪಿ ಮಾಡಿ ಚಾಟ್‌ಜಿಪಿಟಿಗೆ ಹಾಕಿದರೆ ಅದು ಆ ಸಾಲನ್ನೂ ಓದಿಕೊಂಡು ಉತ್ತರಕ್ಕೆ ಮುದ್ದೆ ಸೇರಿಸುತ್ತದೆ, ಓದದೇ ಒಪ್ಪಿಸಿದವರು ಸಿಕ್ಕಿಬೀಳುತ್ತಾರೆ. ಮೊನ್ನೆ ನಮ್ಮಲ್ಲಿ ಡಿಬಿಎಂಎಸ್ (ಡೇಟಾಬೇಸ್ ವಿಷಯ) ಅಸೈನ್‌ಮೆಂಟೊಂದರಲ್ಲಿ ಹುಡುಗರು ಲೈಬ್ರರಿ ಟೇಬಲ್ ಬರೆದಿದ್ದರು. ಪುಸ್ತಕದ ಹೆಸರಿನ ಕಾಲಮ್‌ನಲ್ಲಿ ರಾಗಿಮುದ್ದೆ! ಸ್ಟಾಕ್ ಮೂರು ಪ್ರತಿ. ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ನಗು ಸರಿ. ಅಷ್ಟಕ್ಕೇ ಸೊನ್ನೆ ಹಾಕಿ ಅಪ್ಪ-ಅಮ್ಮನನ್ನು ಕರೆಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಕಾವಲು ಬೇರೆ, ಬಲೆ ಬೇರೆ. 2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್, ಅಂದರೆ ಪರೀಕ್ಷಾ ಕೊಠಡಿಯಲ್ಲಿ ಕ್ಯಾಮೆರಾ ಕಾವಲು, ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಮಾರ್ಕ್ಸ್ ಜಾಸ್ತಿ ಕೊಟ್ಟ ಮೇಲೆ. ಆದರೆ ಕ್ಯಾಮೆರಾ ಇದೆ ಅಂತ ಮಕ್ಕಳಿಗೆ ಮೊದಲೇ ಗೊತ್ತಿತ್ತು. ಮೈಕ್ರೋ ಜೆರಾಕ್ಸ್ ಚೀಟಿ ಮನೆಯಲ್ಲೇ ಬಿಟ್ಟು ಬರುವ ಅವಕಾಶ ಇತ್ತು. ಬಿಳಿ ಸಾಲು ಯಾರನ್ನೂ ತಡೆಯಲ್ಲ. ತಪ್ಪು ಮಾಡಲಿ ಅಂತಲೇ ಕಾಯುತ್ತದೆ.

ಸಿಕ್ಕಿಬೀಳುವುದಾದರೂ ಯಾರು? ಪಕ್ಕಾ ಕಿಲಾಡಿಗಳು ಮೌಸ್ ಎಳೆದು ಸೆಲೆಕ್ಟ್ ಮಾಡಿ ನೋಡಿರುತ್ತಾರೆ. ಇಲ್ಲಾ ಉತ್ತರ ಬಂದ ಮೇಲೆ ಒಂದ್ಸಲ ಓದಿ ಮುದ್ದೆ ತೆಗೆದಿರುತ್ತಾರೆ. ಕಣ್ಣು ಕಾಣದ ಹುಡುಗಿಯೊಬ್ಬಳು ಕ್ಲಾಸಿನಲ್ಲಿದ್ದರೆ? ಅವಳ ಸ್ಕ್ರೀನ್ ರೀಡರ್ ಆ ಸಾಲನ್ನೂ ಗಟ್ಟಿಯಾಗಿ ಓದುತ್ತದೆ. ಮೇಷ್ಟ್ರು ಕೇಳಿದ್ದಾರೆ ಅಂತ ಅವಳು ನಿಯತ್ತಾಗಿ ಮುದ್ದೆ ಸೇರಿಸಿದರೆ, ಅವಳೂ ಕಳ್ಳಿ!

ಹಾಗಾದರೆ ಯಂತ್ರ ಬರೆದದ್ದನ್ನು ಪತ್ತೆ ಹಚ್ಚುವ ಎಐ ಡಿಟೆಕ್ಟರ್ ಬಳಸೋಣ ಅಂತಾರೆ. ಚಾಟ್‌ಜಿಪಿಟಿ ಮಾಡಿದ ಕಂಪನಿ ಓಪನ್‌ಎಐ, ತಾನೇ ಮಾಡಿದ ಡಿಟೆಕ್ಟರನ್ನು, ಸರಿಯಾಗಿ ಹಿಡಿಯುತ್ತಿಲ್ಲ ಅಂತ 2023ರ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವಂತವಾಗಿ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇಂಥ ಡಿಟೆಕ್ಟರ್‌ಗಳು ಯಂತ್ರ ಬರೆದದ್ದು ಅಂದಿದ್ದನ್ನು ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ತೋರಿಸಿದರು. ಕನ್ನಡ ಮೀಡಿಯಂನಲ್ಲಿ ಓದಿ, ಬಾಯಿಪಾಠದ ಇಂಗ್ಲಿಷಿನಲ್ಲಿ ಬರೆಯುವ ನಮ್ಮ ರಾಯಚೂರು, ಕೊಪ್ಪಳದ ಹುಡುಗರ ಕಥೆ ಏನು?

ಎದುರು ಕೂರಿಸಿ ಪ್ರಶ್ನೆ ಕೇಳುವ ವೈವಾ ಇಲ್ವಾ? 'ಈ ಟೇಬಲ್‌ನಲ್ಲಿ ಪ್ರೈಮರಿ ಕೀ ಯಾವುದಪ್ಪಾ, ಯಾಕೆ?' ಅಂತ ಕೇಳಿದರೆ ಎರಡೇ ನಿಮಿಷದಲ್ಲಿ ಎಲ್ಲಾ ಗೊತ್ತಾಗುತ್ತೆ. ಅರವತ್ತು-ಎಪ್ಪತ್ತು ಮಕ್ಕಳ ಕ್ಲಾಸು, ಜೊತೆಗೆ ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನ ಫೈಲು, ಟೈಮೆಲ್ಲಿ ಅಂತೀರಿ. ನಿಜವೇ. ಎಲ್ಲರನ್ನೂ ಬೇಡ, ಅನುಮಾನ ಬಂದವರನ್ನು ಕೂರಿಸಿ. ಬಿಳಿ ಸಾಲು ಬೇಕೇ ಬೇಕು ಅಂದರೆ ಸೆಮಿಸ್ಟರ್‌ನ ಮೊದಲ ಕ್ಲಾಸಿನಲ್ಲೇ ಹೇಳಿಬಿಡಿ, ಸಿಕ್ಕವರಿಗೆ ಸೊನ್ನೆ ಹಾಕುವ ಮುಂಚೆ ವೈವಾ ಮಾಡಿ.