ಹೆಬ್ಬೆಟ್ಟಿಗೆ ನಿಷೇಧವಿಲ್ಲ

ಟಿಕ್‌ಟಾಕ್ ವಾಪಸ್ ಬಂತಂತೆ ಎಂಬ ಸುದ್ದಿ 2025ರ ಆಗಸ್ಟ್ 22ರಂದು ದೇಶವನ್ನೆಲ್ಲ ಒಂದು ಸುತ್ತು ಹಾಕಿತಲ್ಲ, ಆಗ ನಿಜಕ್ಕೂ ಆಗಿದ್ದಿಷ್ಟೇ: ಕೆಲವರ ಫೋನಿನಲ್ಲಿ ಅದರ ವೆಬ್‌ಸೈಟಿನ ಮುಖಪುಟ ತೆರೆದುಕೊಂಡಿತ್ತು. ಒಳಗೆ ವಿಡಿಯೋ ಇಲ್ಲ, ಲಾಗಿನ್ ಇಲ್ಲ, ಪ್ಲೇ ಸ್ಟೋರಿನಲ್ಲಿ ಆ್ಯಪ್ ಇಲ್ಲ. ಛತ್ರದ ಬೋರ್ಡಿಗೆ ಲೈಟು ಹತ್ತಿದ್ದನ್ನು ಕಂಡು ಎಲೆ ಹಾಕಿದ್ದಾರೆಂದು ಓಡಿದ ಹಾಗಾಯಿತು. ನಿಷೇಧ ತೆರವು ಮಾಡಿಲ್ಲ ಮಾರಾಯ್ರೇ ಎಂದು ಸರ್ಕಾರವೇ ಹೇಳಬೇಕಾಗಿ ಬಂತು. ಆ ಸ್ಪಷ್ಟನೆಯನ್ನು ಬಹುಪಾಲು ಜನ ನೋಡಿದ್ದು ರೀಲ್ಸ್‌ನಲ್ಲಿ.

ಇದನ್ನೇ ನಿಷೇಧದ ಅಮೋಘ ಯಶಸ್ಸು ಎನ್ನುವುದು. ಗಾಲ್ವಾನ್‌ನಲ್ಲಿ ನಮ್ಮ 20 ಯೋಧರು ಸತ್ತ ಎರಡು ವಾರಕ್ಕೆ, 2020ರ ಜೂನ್ 29ರಂದು, ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ ಹಿಡಿದು ಟಿಕ್‌ಟಾಕ್ ಸೇರಿ ಚೀನಾದ 59 ಆ್ಯಪ್‌ಗಳಿಗೆ ಬೀಗ ಜಡಿಯಲಾಯಿತು. ಶತ್ರುವಿಗೆ ಬಿದ್ದ ಡಿಜಿಟಲ್ ಪೆಟ್ಟು ಎಂದು ಟಿವಿಯವರು ಗಂಟಲು ಹರಿದುಕೊಂಡರು. ಜುಲೈ 8ಕ್ಕೆ ಇನ್‌ಸ್ಟಾಗ್ರಾಮ್ ಭಾರತದಲ್ಲಿ ರೀಲ್ಸ್ ಇಳಿಸಿತು. ಸೆಪ್ಟೆಂಬರಿನಲ್ಲಿ ಯೂಟ್ಯೂಬಿನ ಶಾರ್ಟ್ಸ್ ಬಂತು, ಅದೂ ಮೊದಲ ಪ್ರಯೋಗಕ್ಕೆ ನಮ್ಮ ದೇಶವನ್ನೇ ಆರಿಸಿಕೊಂಡು. ಸುಮಾರು 20 ಕೋಟಿ ಹೆಬ್ಬೆರಳುಗಳು ಚೀನಾದಿಂದ ಬಿಡುಗಡೆಯಾಗಿ ಕ್ಯಾಲಿಫೋರ್ನಿಯಾದ ವಶಕ್ಕೆ ಹೋದವು. ಆತ್ಮನಿರ್ಭರತೆ ಎಂದರೆ ಇದಪ್ಪ.

ಸ್ವದೇಶಿ ಆ್ಯಪ್‌ಗಳ ಕಥೆ ಬೇರೆ ಇದೆ. ನಿಷೇಧಕ್ಕೆ ಒಂದು ತಿಂಗಳು ಮೊದಲೇ ‘ಮಿತ್ರೋಂ’ ಎಂಬುದು ಹುಟ್ಟಿ, ದೇಶಪ್ರೇಮದ ಅಲೆಯ ಮೇಲೆ ಲಕ್ಷಗಟ್ಟಲೆ ಫೋನುಗಳಿಗೆ ಇಳಿದಿತ್ತು. ಆಮೇಲೆ ಗೊತ್ತಾಯಿತು, ಅದರ ಮೂಲ ಕೋಡನ್ನು ಪಾಕಿಸ್ತಾನದ ಒಂದು ಕಂಪನಿಯಿಂದ 34 ಡಾಲರಿಗೆ ಖರೀದಿಸಲಾಗಿತ್ತು. ಅಂದರೆ ಸುಮಾರು ಎರಡೂವರೆ ಸಾವಿರ ರೂಪಾಯಿ. ಚೀನಾಕ್ಕೆ ಬುದ್ಧಿ ಕಲಿಸಲು ಪಾಕಿಸ್ತಾನದ ಸಾಮಾನು! ನಮ್ಮ ಬೆಂಗಳೂರಿನ ಕಂಪನಿಗಳೂ ಸುಮ್ಮನೆ ಕೂರಲಿಲ್ಲ. ಶೇರ್‌ಚಾಟ್‌ನವರು ಮೋಜ್ ತಂದರು, ಡೈಲಿಹಂಟ್‌ನವರು ಜೋಶ್ ತಂದರು, ಹೂಡಿಕೆದಾರರು ಕೋಟಿ ಕೋಟಿ ಡಾಲರ್ ಸುರಿದರು. 2022ರ ಹೊತ್ತಿಗೆ ಇಂಥದ್ದೇ ಇನ್ನೊಂದು ಸ್ವದೇಶಿ ಆ್ಯಪ್ ಎಂಎಕ್ಸ್ ಟಕಾಟಕ್ ಹೋಗಿ ಮೋಜ್‌ನೊಳಗೆ ಸೇರಿಕೊಂಡಿತು. ಜನ ಮಾತ್ರ ರೀಲ್ಸ್ ಎನ್ನುವುದನ್ನು ಬಿಡಲಿಲ್ಲ. ಈಗ ಮದುವೆ ಫೋಟೋಗ್ರಾಫರನ ರೇಟ್ ಕಾರ್ಡಿನಲ್ಲೂ ಅದಕ್ಕೊಂದು ಸಾಲಿದೆ.

ನಕಲು ಮಾಡಿದ ನಮ್ಮ ಸ್ವದೇಶಿಯವರೆಲ್ಲ ಏಕೆ ಸೋತರು ಎಂದರೆ, ಎಲ್ಲರೂ ಪರದೆಯನ್ನು ನಕಲು ಮಾಡಿದರು, ಹಿಂದಿನ ಯಂತ್ರವನ್ನಲ್ಲ. ಫೇಸ್‌ಬುಕ್ ಬಂದವರನ್ನು ಮೊದಲು ‘ನಿನ್ನ ಸ್ನೇಹಿತರು ಯಾರು’ ಎಂದು ಕೇಳುತ್ತಿತ್ತು. ಟಿಕ್‌ಟಾಕ್ ಏನನ್ನೂ ಕೇಳಲಿಲ್ಲ. ತೆರೆದ ಕೂಡಲೇ ಒಂದು ವಿಡಿಯೋ ಓಡುತ್ತಿರುತ್ತದೆ, ಪರದೆ ತುಂಬ ಒಂದೇ. ಯೂಟ್ಯೂಬಿನ ಹಳೆಯ ಪುಟದಲ್ಲಿ ಹತ್ತು ಚಿತ್ರಗಳಿದ್ದರೆ ನೀವು ಒಂದನ್ನು ಒತ್ತಿದಿರಿ ಎಂದಷ್ಟೇ ಗೊತ್ತಾಗುತ್ತಿತ್ತು, ಉಳಿದ ಒಂಬತ್ತರ ಮೇಲೆ ನಿಮ್ಮ ಕಣ್ಣು ಬಿತ್ತೋ ಇಲ್ಲವೋ ದೇವರೇ ಬಲ್ಲ. ಇಲ್ಲಿ ಹಾಗಲ್ಲ. ಎರಡು ಸೆಕೆಂಡಿಗೆ ತಳ್ಳಿದಿರಾ, ಪೂರ್ತಿ ನೋಡಿದಿರಾ, ಮತ್ತೊಮ್ಮೆ ನೋಡಿದಿರಾ, ವಾಟ್ಸ್‌ಆ್ಯಪಿಗೆ ಕಳಿಸಿದಿರಾ, ಪ್ರತಿಯೊಂದೂ ತೀರ್ಪು. 15 ಸೆಕೆಂಡಿಗೊಂದು ತೀರ್ಪು ಎಂದರೆ ಗಂಟೆಗೆ 240. ನಮ್ಮ ಕೋರ್ಟುಗಳು ನಾಚಬೇಕು. ನೀವು ಒಂದು ನೋಡುತ್ತಿರುವಾಗಲೇ ಮುಂದಿನದು ಫೋನಿಗೆ ಇಳಿದು ಕಾದಿರುತ್ತದೆ, ಬೇಸರವಾಗಲು ಪುರುಸೊತ್ತೇ ಇಲ್ಲ.

ಬಲಗಡೆ ಕೆಳಮೂಲೆಯಲ್ಲಿ ಗಿರಗಿರ ತಿರುಗುತ್ತಿದ್ದ ಪುಟ್ಟ ತಟ್ಟೆ ನೆನಪಿದೆಯೇ? ಅದನ್ನು ಒತ್ತಿದರೆ ಅದೇ ಧ್ವನಿಗೆ ಮಾಡಿದ ವಿಡಿಯೋಗಳೆಲ್ಲ ಸಾಲಾಗಿ ಬರುತ್ತಿದ್ದವು, ಕೆಳಗೊಂದು ಬಟನ್, ನೀನೂ ಮಾಡು ಅಂತ. ಹಾಡು ರೆಡಿ, ಡೈಲಾಗು ರೆಡಿ, ಕುಣಿತ ರೆಡಿ. ಮಾಡಿದ್ದನ್ನು ಡೌನ್‌ಲೋಡ್ ಮಾಡಿದರೆ ಅದರ ಮೇಲೊಂದು ಟಿಕ್‌ಟಾಕ್ ಮುದ್ರೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹಾರುವ ಮುದ್ರೆ, ಕತ್ತರಿಸಲು ಬರದಂತೆ. ಹಾಗೆ ನಿಮ್ಮ ಚಿಕ್ಕಮ್ಮ ಫ್ಯಾಮಿಲಿ ಗ್ರೂಪಿಗೆ ಕಳಿಸಿದ ನಾಯಿಮರಿ ವಿಡಿಯೋ ಬಿಟ್ಟಿ ಜಾಹೀರಾತಾಯಿತು. ದುಡ್ಡು ಕೊಟ್ಟ ಜಾಹೀರಾತೂ ಕಡಿಮೆಯಿರಲಿಲ್ಲ. 2018ರಲ್ಲಿ ಹೆಚ್ಚುಕಡಿಮೆ 100 ಕೋಟಿ ಡಾಲರ್ ಸುರಿದರೆಂದು ಅಮೆರಿಕದ ಪತ್ರಿಕೆಗಳೇ ಬರೆದವು, ಅದರಲ್ಲಿ ದೊಡ್ಡ ಪಾಲು ಹೋದದ್ದು ಫೇಸ್‌ಬುಕ್ಕಿಗೆ. ತನ್ನ ಗ್ರಾಹಕರನ್ನು ಎಳೆದುಕೊಂಡು ಹೋಗುವವನಿಗೆ ಫೇಸ್‌ಬುಕ್ ರಸೀದಿ ಹರಿದು ಕೊಟ್ಟಿತು. ಮೂರು ವರ್ಷದ ಮೇಲೆ, ಆ ಹಾರುವ ಮುದ್ರೆ ಇರುವ ವಿಡಿಯೋಗಳನ್ನು ರೀಲ್ಸ್‌ನಲ್ಲಿ ಮುಂದೆ ತಳ್ಳುವುದಿಲ್ಲ ಎಂದು ಅದೇ ಫೇಸ್‌ಬುಕ್ಕಿನ ಇನ್‌ಸ್ಟಾಗ್ರಾಮ್ ಪ್ರಕಟಿಸಿತು. ಪಾಪ, ಮನೆ ತುಂಬ ಪರರ ಮುದ್ರೆ.

ಮಾಡುವ ವಿಧಾನ ಈಗ ಯಾವ ಆ್ಯಪಿನಲ್ಲೂ ಒಂದೇ. ಸಾರು ಮಾಡುವುದನ್ನು ತೋರಿಸಬೇಕೆಂದರೆ ಬೇಳೆ ತೊಳೆಯುವುದರಿಂದ ಶುರು ಮಾಡಿದರೆ ಕೆಟ್ಟಿರಿ. ಮೊದಲ ಮೂರು ಸೆಕೆಂಡಿನಲ್ಲಿ ಒಗ್ಗರಣೆ ಸಿಡಿಯಬೇಕು. ಅಕ್ಷರ ಹಾಕುವುದಾದರೆ ಮಧ್ಯದಲ್ಲೇ, ಏಕೆಂದರೆ ಬಲಬದಿಯನ್ನು ಹಾರ್ಟು, ಕಾಮೆಂಟು, ಬಾಣಗಳು ನುಂಗುತ್ತವೆ, ತಳವನ್ನು ನಿಮ್ಮದೇ ಹೆಸರು ಮತ್ತು ಹ್ಯಾಷ್‌ಟ್ಯಾಗು. ಉಪ್ಪು ಎಷ್ಟೆಂದು ಅಪ್ಪಿತಪ್ಪಿಯೂ ಹೇಳಬಾರದು. ‘ಅಕ್ಕಾ ಉಪ್ಪು ಎಷ್ಟು?’ ಎಂದು ಇನ್ನೂರು ಜನ ಕೇಳಲಿ, ಕಾಮೆಂಟು ಏರಿದಷ್ಟೂ ಸಾರು ಹರಿಯುತ್ತದೆ. ಕೊನೆಯ ದೃಶ್ಯವನ್ನು ಮತ್ತೆ ಒಗ್ಗರಣೆಗೇ ಕತ್ತರಿಸಿ ಜೋಡಿಸಿದರೆ ವಿಡಿಯೋ ಮುಗಿದದ್ದೂ ಗೊತ್ತಾಗುವುದಿಲ್ಲ, ಶುರುವಾದದ್ದೂ ಗೊತ್ತಾಗುವುದಿಲ್ಲ.

ಈ ತಂತ್ರದ ಪೂರ್ತಿ ಫಲ ಸಿಗುವುದು ಬಸ್ಸಿನಲ್ಲಿ. ಫೋನಿನ ಸ್ಪೀಕರಿನಲ್ಲಿ ಜೋರಾಗಿ ಹಾಡು, ವಿಡಿಯೋ ಹಾಕಬಾರದೆಂದು 2021ರ ನವೆಂಬರ್‌ನಲ್ಲೇ ಹೈಕೋರ್ಟ್ ಆದೇಶದ ಮೇರೆಗೆ ಕೆಎಸ್‌ಆರ್‌ಟಿಸಿ ಸುತ್ತೋಲೆ ಹೊರಡಿಸಿದೆ, ಕೇಳದವರನ್ನು ಇಳಿಸಬಹುದು ಎಂದೂ ಇದೆ.

‘ಸ್ವಲ್ಪ ಸೌಂಡ್ ಕಮ್ಮಿ ಮಾಡ್ಕೊಳಿ ಸಾರ್.’

‘ಒಂದೇ ನಿಮಿಷ ಕಂಡಕ್ಟ್ರೇ, ಇದೊಂದು ಮುಗೀಲಿ.’

ಮುಗಿಯುವುದೇ ಇಲ್ಲವಲ್ಲ ಸ್ವಾಮಿ, ಒಗ್ಗರಣೆ ಮತ್ತೆ ಸಿಡಿಯಿತು!

ಹಾಗಂತ ಚಿಕ್ಕ ವಿಡಿಯೋ ಎಂದ ಮಾತ್ರಕ್ಕೆ ಗೆಲ್ಲುತ್ತದೆ ಎಂದುಕೊಳ್ಳಬೇಡಿ. ಟ್ವಿಟರಿನ ವೈನ್ 6 ಸೆಕೆಂಡಿನದು, ನಾಲ್ಕೇ ವರ್ಷಕ್ಕೆ ಕೈಯೆತ್ತಿತು. ಹಾಲಿವುಡ್ಡಿನ ಘಟಾನುಘಟಿಗಳು 175 ಕೋಟಿ ಡಾಲರ್ ಹಾಕಿ 2020ರ ಏಪ್ರಿಲ್‌ನಲ್ಲಿ ಕ್ವಿಬಿ ತೆರೆದರು, ವರ್ಷ ಮುಗಿಯುವ ಮೊದಲೇ ಮುಚ್ಚಿದರು. ಇತ್ತ ಟಿಕ್‌ಟಾಕ್ 15 ಸೆಕೆಂಡಿನಿಂದ ಒಂದು ನಿಮಿಷವಾಗಿ, 2021ರಲ್ಲಿ ಮೂರಾಗಿ, 2022ರಲ್ಲಿ ಹತ್ತಾಗಿ, ಈಗ ಗಂಟೆಯುದ್ದದ್ದನ್ನೂ ಏರಿಸಿಕೊಳ್ಳುತ್ತದೆ. ಇನ್ನೊಂದಿಷ್ಟು ಬೆಳೆದರೆ ಇಂಟರ್ವಲ್ ಬಿಟ್ಟು ಕಡಲೆಕಾಯಿ ಮಾರಬಹುದು.

ಅಮೆರಿಕದವರು ನಗೆಪಾಟಲಾಗುವುದನ್ನೂ ಶಾಸ್ತ್ರೋಕ್ತವಾಗಿ ಮಾಡಿದರು. 2020ರ ಆಗಸ್ಟ್‌ನಲ್ಲಿ ಇದನ್ನು ನಿಷೇಧಿಸ ಹೊರಟವರು ಟ್ರಂಪ್. 2024ರ ಫೆಬ್ರವರಿಯಲ್ಲಿ ಬೈಡನ್ ಪ್ರಚಾರ ತಂಡ ಟಿಕ್‌ಟಾಕ್ ಖಾತೆ ತೆರೆಯಿತು, ಏಪ್ರಿಲ್ 24ಕ್ಕೆ ಅದೇ ಬೈಡನ್ ‘ಮಾರು, ಇಲ್ಲವೇ ಮುಚ್ಚು’ ಕಾಯ್ದೆಗೆ ಸಹಿ ಹಾಕಿದರು, ಖಾತೆ ಓಡುತ್ತಲೇ ಇತ್ತು. ಸುಪ್ರೀಂ ಕೋರ್ಟ್ ಒಮ್ಮತದಿಂದ ಕಾಯ್ದೆ ಎತ್ತಿಹಿಡಿಯಿತು. 2025ರ ಜನವರಿ 18ರ ರಾತ್ರಿ ಆ್ಯಪ್ ಆರಿತು, ಅರ್ಧ ದಿನಕ್ಕೆ ಮತ್ತೆ ಹತ್ತಿತು, ಟ್ರಂಪ್ ಹೆಸರು ಹೊತ್ತ ಸಂದೇಶದೊಂದಿಗೆ! ಕಾಯ್ದೆ ಅನುಮತಿಸಿದ್ದು ಹೆಚ್ಚೆಂದರೆ 90 ದಿನಗಳ ಒಂದೇ ಒಂದು ವಿಸ್ತರಣೆ. ಟ್ರಂಪ್ ಕೊಟ್ಟದ್ದು ಐದು. ನಡುವೆ ಶ್ವೇತಭವನವೇ ಟಿಕ್‌ಟಾಕ್ ಖಾತೆ ತೆರೆದು ಕೂತಿತು. ಕಡೆಗೆ 2026ರ ಜನವರಿಯಲ್ಲಿ ಒರಾಕಲ್, ಸಿಲ್ವರ್ ಲೇಕ್, ಎಂಜಿಎಕ್ಸ್ ಎಂಬ ಹೂಡಿಕೆದಾರರು ಸೇರಿ ಅಮೆರಿಕದ ಟಿಕ್‌ಟಾಕ್‌ಗೆ ಜಂಟಿ ಕಂಪನಿ ಆಯಿತು, ಟಿಕ್‌ಟಾಕ್‌ನ ಚೀನೀ ಒಡೆಯ ಬೈಟ್‌ಡಾನ್ಸ್ ಬಳಿ ಶೇ 19.9 ಉಳಿಯಿತು. ಶೇ 20 ಆಗಿದ್ದರೆ ದೇಶದ ಭದ್ರತೆಗೆ ಅಪಾಯವಿತ್ತು ನೋಡಿ. ನಾವು ನಗುವ ಹಾಗೇನೂ ಇಲ್ಲ. ನಿಷೇಧದ ದಿನದವರೆಗೂ ನಮ್ಮ ಸರ್ಕಾರದ ಮೈಗವ್ ಖಾತೆ ಅದೇ ಟಿಕ್‌ಟಾಕ್‌ನಲ್ಲಿ ಪ್ರಜೆಗಳಿಗೆ ಹಿತವಚನ ಹೇಳುತ್ತಿತ್ತು.

ಇಷ್ಟೆಲ್ಲದರ ನಡುವೆ ನಿಜಕ್ಕೂ ಕಳೆದುಕೊಂಡವರ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಗದ್ದೆ ಬದಿಯಲ್ಲಿ, ಗಾರೆ ಕೆಲಸದ ಬಿಡುವಿನಲ್ಲಿ ಕುಣಿದು ಲಕ್ಷಾಂತರ ಜನರನ್ನು ಗಳಿಸಿದ್ದವರಿಗೆ ಒಂದು ರಾತ್ರಿಯಲ್ಲಿ ಶೂನ್ಯ. ಫಾಲೋವರ್ಸ್ ಪಟ್ಟಿಯನ್ನು ಇನ್ನೊಂದು ಆ್ಯಪಿಗೆ ಒಯ್ಯುವ ದಾರಿಯೇ ಇರಲಿಲ್ಲ. ಅವರನ್ನು ನೋಡಿ ಅಸಹ್ಯ ಎನ್ನುತ್ತಿದ್ದ ಪೇಟೆಯವರು ಆಮೇಲೆ ಅದೇ ಹೆಜ್ಜೆಯನ್ನು ಏರ್‌ಪೋರ್ಟಿನಲ್ಲಿ ಹಾಕಿದರು, ಆಗ ಅದು ಕಂಟೆಂಟ್ ಆಯಿತು. ನಿಷೇಧಕ್ಕೆ ಕೊಟ್ಟ ದೊಡ್ಡ ಕಾರಣ ಪ್ರಜೆಗಳ ಮಾಹಿತಿಯ ಸುರಕ್ಷತೆ. ಒಳ್ಳೆಯದೇ. ಆದರೆ ಆ ಮಾಹಿತಿಯನ್ನು ಯಾರು ಎಷ್ಟು ದಿನ ಇಟ್ಟುಕೊಳ್ಳಬಹುದು, ಮಕ್ಕಳದ್ದನ್ನು ಏನು ಮಾಡಬೇಕು ಎಂದು ಹೇಳುವ ಕಾಯ್ದೆ ಬಂದದ್ದು 2023ರಲ್ಲಿ, ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಅದರಲ್ಲೂ ಮುಖ್ಯವಾದವುಗಳ ಪಾಲನೆಗೆ ಕಂಪನಿಗಳಿಗೆ ಇನ್ನೂ 18 ತಿಂಗಳ ಕಾಲಾವಕಾಶ. 59 ಆ್ಯಪ್ ಮುಚ್ಚಲು ಸಾಕಾದದ್ದು ಎರಡು ವಾರ. ಆ ಅವಸರದಲ್ಲಿ ಹತ್ತರಲ್ಲೊಂದು ಪಾಲನ್ನಾದರೂ ಮಿಕ್ಕವರ ಮೇಲೆ ತೋರಿಸಲು ಏನು ಧಾಡಿ ಇತ್ತು?