ಕಪಾಟಿನಲ್ಲೊಂದು ವಿಮಾನ ನಿಲ್ದಾಣ

ಕಾರವಾರದ ಮೀನು ಪೇಟೆಯಲ್ಲಿ ನೂರು ರೂಪಾಯಿಗೆ ಐದು ಬಂಗಡೆ ಅಂದರೆ ನಮ್ಮ ಮೇಷ್ಟ್ರು ಚೀಲ ಬಿಚ್ಚುವುದಿಲ್ಲ. ಆರನೆಯದಕ್ಕಾಗಿ ಅರ್ಧ ತಾಸು ನಿಲ್ಲುತ್ತಾರೆ. ಅದೇ ಮೇಷ್ಟ್ರು ಮನೆಗೆ ಬಂದು, ಕೈ ತೊಳೆದು, ಜಪಾನಿನ ಪ್ಲಾಸ್ಟಿಕ್ ವಿಮಾನಕ್ಕೆ ಆರು ಸಾವಿರ ಕಳಿಸುತ್ತಾರೆ. ಚೌಕಾಶಿಯ ಮಾತೇ ಇಲ್ಲ.

ಇದೇ ಹುಚ್ಚಿನವರು ನಾವು ನಾಲ್ಕೈದು ಜನ ಇದ್ದೇವೆ. ನಿಜವಾದ ವಿಮಾನದ 72ರಲ್ಲಿ ಒಂದು ಪಾಲಿನ ಅಳತೆಯ ಬಿಡಿಭಾಗಗಳು ಬಾಕ್ಸಿನಲ್ಲಿ ಬರುತ್ತವೆ. ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿಯಬೇಕು. ಹಾರುವುದಿಲ್ಲ, ಸುಮ್ನೆ ನೋಡುವುದಕ್ಕೆ.

ಸರ್ಕಾರದ ಲೆಕ್ಕದಲ್ಲಿ ಇದು ಆಟಿಕೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ದೇಶದ ಆಟಿಕೆ ತಯಾರಕರು ಬದುಕಲಿ ಎಂದು. ಒಳ್ಳೆಯದೇ. ಆದರೆ ಚನ್ನಪಟ್ಟಣದ ಬುಗುರಿಗೆ ನಮ್ಮ ಮಿಗ್-21 ಯಾವ ಪೈಪೋಟಿ ಕೊಡುತ್ತಿತ್ತೋ ದೇವರೇ ಬಲ್ಲ. ಮಂಡಿನೋವಿನ ಮೇಷ್ಟ್ರು ಈ ವಯಸ್ಸಿನಲ್ಲಿ ಮಗು ಎನಿಸಿಕೊಂಡರು, ಅಷ್ಟೇ ಲಾಭ.

ಬೆಲೆ ಏರಿದ ದಿನ ನಮ್ಮಲ್ಲಿ ಸೂತಕ. ‘ಸಾಕು ಮಾರಾಯ, ಇನ್ನು ಒಂದು ಕಿಟ್ಟೂ ಬೇಡ’ ಎಂದು ಆಣೆ ಹಾಕುತ್ತೇವೆ. ರಾತ್ರಿ ಮಲಗಿದಾಗ ಬೇರೆ ಲೆಕ್ಕ ಹೊಳೆಯುತ್ತದೆ. ಮುಂದಿನ ತಿಂಗಳು ಇನ್ನೂ ಜಾಸ್ತಿಯಾದರೆ? ಬೆಳಗಾಗುವುದರೊಳಗೆ ಮೂರಕ್ಕೆ ಆರ್ಡರ್. ಮನೆಯಲ್ಲಿ ಕೇಳಿದರೆ ‘ಉಳಿತಾಯ’ ಎನ್ನುತ್ತೇವೆ.

ನನ್ನ ಕಪಾಟಿನಲ್ಲಿ ಈಗ 41 ಬಾಕ್ಸುಗಳಿವೆ. ಅಂಟು ಕಂಡಿದ್ದು ಎರಡು. ಒಗೆದ ಅಂಗಿಯೇ ಒಣಗದ ಊರಲ್ಲಿ ಬಣ್ಣ ಒಣಗುತ್ತದೆಯೇ ಎಂಬುದು ಮಳೆಗಾಲದ ನೆಪ. ಉಳಿದ ತಿಂಗಳುಗಳಿಗೆ ಇನ್ನೊಂದಿದೆ: ಇಷ್ಟು ದುಬಾರಿಯದನ್ನು ಬಿಚ್ಚಿ ಹಾಳು ಮಾಡುವುದೇ? ಹಳೆಯ ದರಕ್ಕೆ ತಂದದ್ದನ್ನೂ ಬಿಚ್ಚುವಂತಿಲ್ಲ. ಅದರ ಬೆಲೆಯೂ ಈಗ ಏರಿದೆ ಅಲ್ವಾ! ಅಂಕೋಲೆಯ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಯಾವಾಗ ಆಗುತ್ತದೋ, ನಮ್ಮ ಕಪಾಟಿನಲ್ಲಂತೂ ಜಾಗ ಸಾಲದೆ ಮಂಚದ ಕೆಳಗೂ ಇಳಿದಿದೆ.

ಮೊನ್ನೆ ಮೊಮ್ಮಗಳನ್ನು ಟ್ಯಾಗೋರ್ ಕಡಲತೀರಕ್ಕೆ ಕರೆದೊಯ್ದೆ. ಅಲ್ಲಿ ಐಎನ್‌ಎಸ್ ಚಪಲ್ ಎಂಬ ಯುದ್ಧನೌಕೆ ಇದೆ. (ನಮ್ಮ ಕಾಯಿಲೆಯ ಹೆಸರೂ ಹೆಚ್ಚುಕಡಿಮೆ ಅದೇ.) ಪಕ್ಕದಲ್ಲಿ 2017ರಲ್ಲಿ ನೌಕಾಪಡೆಯಿಂದ ನಿವೃತ್ತಿಯಾದ ಟುಪೊಲೆವ್-142 ವಿಮಾನ. ‘ತಮಿಳುನಾಡಿನ ಅರಕ್ಕೋಣಂನಿಂದ ಬಿಡಿಬಿಡಿಯಾಗಿ ತಂದು ಇಲ್ಲಿ ಜೋಡಿಸಿದ್ದು ಪುಟ್ಟಾ’ ಎಂದು ಜಂಬದಿಂದ ವಿವರಿಸಿದೆ.

ಅವಳು ರೆಕ್ಕೆಯ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

‘ಅಜ್ಜ, ಇವರು ಬಾಕ್ಸ್ ಬಿಚ್ಚಿಬಿಟ್ರಾ?’